ಗಂಗಯ್ಯನವರು ಮನೆ ತೋರಿಸಿದ್ದು

ಇದು ನಡೆದದ್ದು. ನಂಬಿಕೆ ಬರದವರು ನನ್ನ ಎಡಭುಜದ ಮೇಲೆ ಕೈಯಿಟ್ಟು ನೋಡಬಹುದು. ಅಲ್ಲಿಯ ಎಲುಬು ಕೂಡಿದೆ, ಆದರೆ ಮೊದಲಿದ್ದ ಜಾಗದಲ್ಲಲ್ಲ. ಬಾಡಿಗೆಯ ಕಾಟ ತಪ್ಪಿಸಲು ಹೊರಟು ಬಡಿಗೆಯ ರುಚಿ ನೋಡಿ ಬಂದವರ ಕಥೆ ಇದು.

ನನ್ನ ಸೋದರಮಾವ ನೀಲಪ್ಪ ಬೆಳಗಾವಿಯಲ್ಲಿ ಮೂವತ್ತೆರಡು ವರ್ಷ ಸರಕಾರಿ ಬಸ್ಸು ಓಡಿಸಿ ಹೋದ ವರ್ಷ ನಿವೃತ್ತನಾದ. ಅಷ್ಟು ವರ್ಷಗಳಲ್ಲಿ ಒಂದು ಕೋಳಿಯೂ ಅವನ ಗಾಲಿಗೆ ಸಿಕ್ಕಿರಲಿಲ್ಲ. ಬೈದರೆ ಬೈಸಿಕೊಂಡ, ಹೊಡೆದರೆ ಹೊಡೆಸಿಕೊಂಡ, ಗೇರು ಮಾತ್ರ ಸರಿಯಾಗಿ ಹಾಕಿದ. ಅದೇ ಮೂವತ್ತೆರಡು ವರ್ಷಗಳಲ್ಲಿ ಅತ್ತೆ ಸಾವಂತ್ರೆವ್ವ ಹನ್ನೊಂದು ಬಾಡಿಗೆ ಮನೆ ಬದಲಿಸಿದಳು. ಒಬ್ಬ ಮಾಲೀಕನಿಗೆ ಅವಳು ಖಾರ ಕುಟ್ಟಿದ ಸಪ್ಪಳ ಆಗಲಿಲ್ಲ, ಇನ್ನೊಬ್ಬನಿಗೆ ಅವಳ ತಂಗಿ ಬಂದು ನಾಲ್ಕು ದಿನ ಉಳಿದದ್ದು ಆಗಲಿಲ್ಲ. ಹನ್ನೊಂದನೆಯ ಮನೆ ಮೂರನೇ ಮಹಡಿಯದು. ಅಷ್ಟರಲ್ಲಿ ಅವಳ ಎರಡೂ ಮೊಣಕಾಲು ಸವೆದಿದ್ದವು.

“ನನಗ ಬಂಗ್ಲೆ ಬ್ಯಾಡೋ ಕಾಂತ್ಯಾ,” ಎಂದಳು ನನಗೆ. “ಮೆಟ್ಟಲಾ ಇರಬಾರ್ದು. ಬಾಗಲಾ ಬಡದು ಯಾರೂ ಖಾಲಿ ಮಾಡ್ರಿ ಅನಬಾರ್ದು. ಇಷ್ಟ ಸಾಕು ನನಗ.”

ಬೆಳಗಾವಿಯಲ್ಲಿ ಮಾವನ ಗಂಟಿಗೆ ಒಂದು ಬಚ್ಚಲು ಬರುತ್ತಿತ್ತು. ಹಾಗಾಗಿ ನಮ್ಮ ಕಡೆ ಹುಡುಕಲು ಬಂದರು. ನಾನಿರುವುದು ಬೈಲಹೊಂಗಲದಲ್ಲಿ. ಬಿ.ಎ. ಮುಗಿಸಿ ಕುಸ್ತಿ ಕಣಗಳಲ್ಲಿ, ಎತ್ತಿನ ಬಂಡಿಯ ಓಟದ ಶರ್ಯತ್ತುಗಳಲ್ಲಿ ಮೈಕು ಹಿಡಿಯುತ್ತೇನೆ. ಅದು ಉದ್ಯೋಗ. ಕಂಡವರ ದನಿ ಕದಿಯುವುದು ಚಟ.

ಕಿತ್ತೂರಿನಲ್ಲಿ ಹೆದ್ದಾರಿಯ ಧೂಳು ಬೀಳುವಷ್ಟು ದೂರದವರೆಗೂ ಹೆದ್ದಾರಿಯದೇ ದರ. ಬೈಲಹೊಂಗಲದಲ್ಲಿ ದರ ಕೇಳಿ ಮಾವ ಚಹಾ ಕುಡಿಯದೇ ಎದ್ದ. ಸವದತ್ತಿಯಲ್ಲಿ ಮನೆ ಹಿಡಿಸಿತು, ದರವೂ ಹಿಡಿಸಿತು. ಆಮೇಲೆ ಮನೆಯವರು ಅಡ್ಡಹೆಸರು ಕೇಳಿದರು. ಹೇಳಿದ ಮೇಲೆ ಒಳಗಿನಿಂದ ಬರುತ್ತಿದ್ದ ಸ್ಟೀಲ್ ಲೋಟಗಳು ಅಲ್ಲಿಯೇ ತಿರುಗಿ ಹೋಗಿ ಕಾಗದದ ಕಪ್ಪುಗಳು ಬಂದವು. ಆ ಮನೆ ನಿನ್ನೆಯೇ ಮಾರಿಹೋಗಿತ್ತಂತೆ. ಅತ್ತೆ ಕಪ್ಪು ಖಾಲಿ ಮಾಡಿ, ಮುದ್ದೆ ಮಾಡಿ, ಅವರ ಅಂಗಳದಲ್ಲಿಯೇ ಒಗೆದು ಬಂದಳು.

ರಾಮದುರ್ಗದ್ದು ಅರ್ಧ ಮನೆ. ಅಣ್ಣ ತಮ್ಮ ಪಾಲಾಗಿ ಅಡುಗೆಮನೆಯ ನಡುವೆ ಗೋಡೆ ಎದ್ದಿತ್ತು. ಅಣ್ಣ ನಮಗೆ ಒಲೆ ತೋರಿಸುತ್ತಿದ್ದಾಗ ಗೋಡೆಯ ಆ ಬದಿಯಿಂದ ಧಡ್ ಧಡ್ ಎಂಬ ಸದ್ದು. ಮೂರನೆಯ ಪೆಟ್ಟಿಗೆ ಹಾರೆಯ ತುದಿ ಮಾವನ ಕಿವಿಯ ಪಕ್ಕದಿಂದ ಹೊರಬಂತು. ಹಾರೆ ಹಿಂದೆ ಸರಿದ ಕೂಡಲೇ ಅಣ್ಣ ಆ ತೂತಿನೊಳಗೆ ಕೈ ಹಾಕಿ ತಮ್ಮನ ಕೂದಲು ಹಿಡಿದೆಳೆದ. ತಮ್ಮ ಅದೇ ತೂತಿನಲ್ಲಿ ಬಾಯಿಟ್ಟು ಅಣ್ಣನ ಕೈ ಕಚ್ಚಿದ, ಕಚ್ಚಿದ್ದನ್ನು ಬಿಡಲಿಲ್ಲ. ರಕ್ತ ಗೋಡೆಗುಂಟ ಇಳಿದು ಒಲೆಯ ಮೇಲಿನ ಹಂಚಿಗೆ ಬಿದ್ದು ಚುರ್ ಎಂದಿತು. ಅಣ್ಣ ಹಲ್ಲು ಕಚ್ಚಿ ನಮ್ಮ ಕಡೆ ತಿರುಗಿದ.

“ನೀವು ಹಿತ್ತಲಾ ನೋಡ್ಕೋಂತ ಇರ್ರಿ. ಇದು ದಿನಾ ಇರೂದ.”

ಆ ಮನೆಯ ದರ ಮಾವನ ಕೈಗೆ ಎಟುಕುತ್ತಿತ್ತು. ಮಾವನ ಕಾಲು ಮಾತ್ರ ಅಲ್ಲಿ ನಿಲ್ಲಲಿಲ್ಲ. ಬಸ್ಸಿನಲ್ಲಿ ತಿರುಗಿ ಬರುವಾಗ ನನಗೆ ಹೊಳೆಯಿತು: ಮನೆ ಅಗ್ಗವಾಗುವುದು ಹಳೆಯದಾದದ್ದಕ್ಕಲ್ಲ, ಅದರೊಳಗೆ ಜಗಳವಿರುವುದಕ್ಕೆ.

ಕೊನೆಗೆ ಮುರಗೋಡದ ಮನೆ. ಗಂಗಯ್ಯ ಎಂಬ ಎಪ್ಪತ್ತೆರಡರ ಜಂಗಮರು ಅದನ್ನು ಮಾರಿ ಕಿತ್ತೂರಿನಲ್ಲಿದ್ದ ಮಗಳು ಶೀತಲಳ ಮನೆಗೆ ಹೋಗಿ ಇರುವವರಿದ್ದರು. ಮಣ್ಣಿನ ಸಮತಟ್ಟು ಸೂರು, ತಂಪು ಪಡಸಾಲೆ, ಮುಂದೆ ಕೂಡುವ ಕಟ್ಟೆ, ಸಾಗವಾನಿಯ ಬಾಗಿಲು. ಒಂದೂ ಮೆಟ್ಟಿಲಿಲ್ಲ. ಅವರೂ ಅಡ್ಡಹೆಸರು ಕೇಳಿದರು. ಮಾವ ಹೇಳಿದ. ಅತ್ತೆ ಹೊಸ್ತಿಲಿನ ಹೊರಗೇ ನಿಂತಳು.

“ಯಾಕವಾ ತಂಗಿ, ಹೊರಗ ನಿಂತ್ರ ಮನಿ ಏನ ಕಾಣತೈತಿ? ಒಳಗ ಬಾ. ಹಿತ್ತಲದಾಗ ಕರಿಬೇವಿನ ಗಿಡಾ ಐತಿ, ಅದನ್ನ ಮೊದಲ ನೋಡು.”

ಅತ್ತೆ ಕರಿಬೇವನ್ನು ನೋಡಿದಳು, ಬಚ್ಚಲು ನೋಡಿದಳು, ಕುಳಿತು ನೋಡಿದಳು, ಎದ್ದು ನೋಡಿದಳು. ಅವಳ ಮುಖ ನೋಡಿ ನಾನು ಬೇರೆ ಕಡೆ ನೋಡಿದೆ. ಯಾಕೆಂದರೆ ಗಂಗಯ್ಯನವರು ಹೇಳಿದ ದರ ಮಾವನ ಕೈಯಲ್ಲಿದ್ದುದಕ್ಕಿಂತ ಎರಡು ಲಕ್ಷ ಹೆಚ್ಚಿತ್ತು. ಅಷ್ಟು ಕೊಡಲು ಧಾರವಾಡದ ಸಚಿನ ಎಂಬವನೊಬ್ಬ ತಯಾರಿದ್ದ, ಮುಂದಿನ ರವಿವಾರ ಮುಂಗಡ ಕೊಡಲು ಬರುವವನಿದ್ದ.

ಗಂಗಯ್ಯನವರ ಮನೆಯಲ್ಲಿ ಜಗಳವಿರಲಿಲ್ಲ. ಒಂದು ತಂದು ಕೂಡ್ರಿಸಿದರೆ ಹೇಗೆ ಎಂದು ನನಗನ್ನಿಸಿತು.

ನನಗೆ ಇಬ್ಬರು ಪೈಲ್ವಾನರ ಗುರುತಿತ್ತು: ಸಂಗೊಳ್ಳಿಯ ಕಲ್ಮೇಶ, ದೇಗಾಂವದ ನಿಂಗರಾಜ. ಹಿಂದಿನ ವರ್ಷ ಇಬ್ಬರೂ ಕಣದಲ್ಲಿ ನಲವತ್ತು ನಿಮಿಷ ಸೆಣಸಿ, ಯಾರ ಬೆನ್ನೂ ಮಣ್ಣು ಮುಟ್ಟದೆ ಸರಿಸಮ ಎನ್ನಿಸಿಕೊಂಡಿದ್ದರು. ಅದು ಇಬ್ಬರ ಹೊಟ್ಟೆಯಲ್ಲಿಯೂ ಹಾಗೆಯೇ ಕುಳಿತಿತ್ತು. ತಲಾ ಎರಡು ಪ್ಲೇಟು ಮಿರ್ಚಿ, ಗಿರ್ಮಿಟ್ಟಿಗೆ ಒಪ್ಪಿದರು. ಸಚಿನ ಬಂದಾಗ ಬಾಗಿಲ ಮುಂದೆ ಬೈಕಿಗೆ ಬೈಕು ತಾಗಿಸಬೇಕು, ಬೈದಾಡಬೇಕು, ಬೆನ್ನ ಮೇಲೆ ಮಾತ್ರ ಅಂಗೈಯಿಂದ ಹೊಡೆದಾಡಬೇಕು. ಸಪ್ಪಳ ಜೋರು, ಪೆಟ್ಟು ಸಣ್ಣದು. ಇಂಥ ಓಣಿ ಬೇಡವೆಂದು ಅವನು ಓಡಬೇಕು.

ರವಿವಾರ ಅತ್ತೆಯೂ ಬಂದಳು. “ಕೈ ಬಿಟ್ಟ ಹೋಗೂದ ಖರೆ. ಇನ್ನೊಮ್ಮೆ ನೋಡಿ ಬರೂಣು,” ಎಂದು ಮಾವನನ್ನೂ ಎಳೆದುಕೊಂಡು ಬಂದು ಕಟ್ಟೆಯ ಮೇಲೆ ಕುಳಿತಳು. ಅವರಿಬ್ಬರಿಗೂ ನಾನು ಏನೂ ಹೇಳಿರಲಿಲ್ಲ.

ಹತ್ತು ಗಂಟೆಗೆ ಸಚಿನನ ಬಿಳಿ ಕಾರು ಬಂತು. ಅವನು ಅಳತೆಯ ಟೇಪು ಬಿಚ್ಚಿ ಮುಂದಿನ ಗೋಡೆ ಅಳೆಯತೊಡಗಿದ. “ಇಷ್ಟ ಕೆಡವಿದ್ರ ನಾಕ ಅಂಗಡಿ ಕುಂದರ್ತಾವ,” ಎಂದು ಫೋನಿನಲ್ಲಿ ಯಾರಿಗೋ ಹೇಳಿದ. ಅತ್ತೆ ಪಕ್ಕದಲ್ಲಿದ್ದ ಗೋಡೆಯನ್ನು ಅಂಗೈಯಿಂದ ಒಮ್ಮೆ ಸವರಿದಳು.

ಅಷ್ಟರಲ್ಲಿ ಬೈಕಿಗೆ ಬೈಕು ತಾಗಿತು.

“ಏ, ಕಣ್ಣ ಕಿಸೇದಾಗ ಇಟಗೊಂಡ ಗಾಡಿ ಹೊಡೀತಿ ಏನಲೇ?” ಎಂದ ಕಲ್ಮೇಶ.

“ರಸ್ತೆ ನಿಮ್ಮಪ್ಪಂದೇನು?” ಎಂದ ನಿಂಗರಾಜ.

“ಹೌದು, ನಿಮ್ಮಪ್ಪ ಇದರ ಮ್ಯಾಲ ನಮ್ಮ ಎಮ್ಮಿ ಹೊಡಕೊಂಡ ಹೋಗ್ತಿದ್ದ.”

ಚಟಾರ್ ಚಟಾರ್ ಎಂದು ಬೆನ್ನುಗಳು ಸದ್ದು ಮಾಡಿದವು. ಸಚಿನನ ಟೇಪು ಸರ್ರನೆ ಒಳಗೆ ಹೋಯಿತು. ಅವನ ಕಣ್ಣು ಕಾರಿನ ಕಡೆ ಹೋಯಿತು. ಎಲ್ಲ ನಾನು ಬರೆದಿಟ್ಟಂತೆಯೇ ನಡೆಯುತ್ತಿತ್ತು. ಜನ ಕೂಡಿದರು. ಜನ ಕೂಡಿದರೆ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. ಆರು ವರ್ಷದ ಹಿಂದೆ ತೀರಿಕೊಂಡ ಭೀಮಶಿ ಮಾಸ್ತರರು ಈ ಸೀಮೆಯ ಕುಸ್ತಿಗಳಿಗೆಲ್ಲ ಮೈಕು ಹಿಡಿಯುತ್ತಿದ್ದವರು. ಮೂಗಿನಲ್ಲಿ ಹುಟ್ಟಿ ಗಂಟಲಲ್ಲಿ ಗುಡುಗುವ ಅವರ ದನಿ ನನ್ನ ಬಾಯಿಂದ ಹೊರಟಿತು.

“ಸಂಗೊಳ್ಳಿ ಪೈಲವಾನ ಕೈ ಕೊಟ್ಟಾನ್ರೀ, ದೇಗಾಂವದಾಂವ ಕೈ ಬಿಡಸ್ಯಾನ್ರೀ...”

ಗಂಗಯ್ಯನವರು ಒಳಗಿಂದ ಓಡಿ ಬಂದರು. “ಯಾರಾಂವ? ಭೀಮಶಿ ಹೋಗಿ ಆರ ವರ್ಷ ಆತಲ್ಲ,” ಎಂದರು. ನಂತರ ಕಣ್ಣು ಕಿರಿದು ಮಾಡಿ ಹೊಡೆದಾಟ ನೋಡಿದರು. ನೋಡುತ್ತ ನೋಡುತ್ತ ಅವರ ಮುಖ ಗಂಟಿಕ್ಕಿತು. ಅವರು ಹರೆಯದಲ್ಲಿ ಗರಡಿಯಲ್ಲಿ ಬೆಳೆದವರೆಂಬುದು ನನಗೆ ಗೊತ್ತಿರಲಿಲ್ಲ.

“ನಿಲ್ಲಸ್ರಿ. ಇದೇನ ಕುಸ್ತಿನೋ, ಬೆನ್ನ ತಿಕ್ಕೂದೋ? ನನ್ನ ಬಾಗಲದಾಗ ಸುಳ್ಳ ಕುಸ್ತಿ ನಡ್ಯಾಂಗಿಲ್ಲ.” ಅವರು ಬಲ ಮುಂಗೈಯಿಂದ ದಪ್ಪನೆಯ ಬೆಳ್ಳಿ ಖಡೆ ಕಳಚಿ ಎತ್ತಿ ಹಿಡಿದರು. “ಇದು ನಾ ಗೆದ್ದ ಖಡೆ. ಬೆನ್ನ ಮಣ್ಣಿಗೆ ಹಚ್ಚಿದವಗ ಇವತ್ತ ಇದು.”

“ಅಜ್ಜಾರ, ಬ್ಯಾಡ್ರಿ, ಸುಮ್ನಿರ್ರಿ,” ಎಂದು ನಾನು ಕೂಗಿದೆ. ದನಿ ಇನ್ನೂ ಭೀಮಶಿಯದೇ ಇತ್ತು. ಇದೂ ವರ್ಣನೆಯೇ ಎಂದು ತಿಳಿದು ಜನ ಚಪ್ಪಾಳೆ ತಟ್ಟಿದರು.

ಕಲ್ಮೇಶ ಖಡೆ ನೋಡಿದ. ನಿಂಗರಾಜ ಖಡೆ ನೋಡಿದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ನಲವತ್ತು ನಿಮಿಷದ ಬಾಕಿ ನೆನಪಾಯಿತು.

ಕಲ್ಮೇಶನ ಹಣೆ ನಿಂಗರಾಜನ ಮೂಗಿಗೆ ಬಡಿಯಿತು. ಮೂಗು ಒಡೆದ ಸದ್ದು ಹಸಿ ಕಬ್ಬು ಮುರಿದ ಹಾಗೆ ಓಣಿಗೆಲ್ಲ ಕೇಳಿಸಿತು. ನಿಂಗರಾಜ ಬಾಯಿಗಿಳಿದ ರಕ್ತ ಉಗಿದು, ಕಲ್ಮೇಶನ ಕಿವಿ ಮುಷ್ಟಿಯಲ್ಲಿ ಹಿಡಿದು ತಿರುವಿದ. ಕಿವಿಯ ಕೆಳಗಿನ ತುಂಡು ಹರಿದು ಜೋತು ಬಿತ್ತು. ಕಣ್ಣಿಗೆ ಮಣ್ಣು ಎರಚಿದರು, ಬೆರಳು ಹಾಕಿದರು, ಪಕ್ಕೆಗೆ ಮೊಣಕಾಲು ಕೊಟ್ಟರು. ಕಣದಲ್ಲಿ ಯಾವುದು ನಿಷೇಧವೋ ಅದೆಲ್ಲ ಒಂದೊಂದಾಗಿ ನಡೆಯಿತು.

“ಸಾಕ ಬಿಡ್ರೆಪಾ, ಸಾಕ,” ಎನ್ನುತ್ತ ಮಾವ ನಡುವೆ ಹೋದ, ನಿಲ್ದಾಣದಲ್ಲಿ ಪ್ರಯಾಣಿಕರನ್ನು ಬಿಡಿಸಿದ ಹಾಗೆ. ಅವನನ್ನು ಯಾರು ಎತ್ತಿ ಒಗೆದರೋ ತಿಳಿಯಲಿಲ್ಲ. ಮಾವ ಸಚಿನನ ಕಾರಿನ ಮುಂಗಾಜಿನ ಮೇಲೆ ಬೆನ್ನಾಗಿ ಬಿದ್ದ, ಗಾಜು ಜೇಡರಬಲೆಯಂತೆ ಬಿರಿಯಿತು. “ಏ, ನನ್ನ ಗಾಡಿ,” ಎಂದು ಬಂದ ಸಚಿನನ ಬಾಯಿಗೆ ಹಿಂದೆ ಸರಿಯುತ್ತಿದ್ದ ಮೊಣಕೈಯೊಂದು ತಗುಲಿತು. ಅವನು ಎರಡು ಹಲ್ಲುಗಳನ್ನು ಅಂಗೈಯಲ್ಲಿ ಹಿಡಿದು, ಮಾವನನ್ನು ಕಾರಿನಿಂದ ಕೆಳಗೆ ನೂಕಿ, ಬಾಗಿಲು ಹಾಕದೆಯೇ ಗಾಡಿ ತಿರುಗಿಸಿಕೊಂಡು ಹೋದ. ಟೇಪು ಮಾತ್ರ ಉಳಿಯಿತು.

ಓಡಬೇಕಾದವನು ಓಡಿದ್ದ. ಆದರೆ ಇನ್ನು ಹೊಡೆದಾಟ ನಿಲ್ಲಿಸಲು ನನ್ನ ಹತ್ತಿರ ಯಾರ ದನಿಯೂ ಇರಲಿಲ್ಲ. ಪೈಲ್ವಾನರಿಬ್ಬರೂ ಅಪ್ಪಿಕೊಂಡೇ ಬಾಗಿಲಿಗೆ ಅಪ್ಪಳಿಸಿದರು. ಮೂರು ತಲೆಮಾರಿನ ಸಾಗವಾನಿ ಕದ ಒಳಗೋಡೆಗೆ ಬಡಿದು, ಕೀಲಿನಿಂದ ಕಿತ್ತು ಬಂದು ಹೊರಗೆ ವಾಲಿತು. ಯಾರ ಬೆನ್ನು ಮೊದಲು ನೆಲ ಮುಟ್ಟುತ್ತದೆಂದು ಬಗ್ಗಿ ನೋಡುತ್ತಿದ್ದ ಗಂಗಯ್ಯನವರ ತಲೆಯ ಮೇಲೆ ಬಿತ್ತು. ಬಾಗಿಲ ಹಿಂದಿನ ಅಗಳಿ, ಮಾರುದ್ದದ ಮರದ ತುಂಡು, ಉರುಳುತ್ತ ಹೋಗಿ ಅತ್ತೆಯ ಕಾಲಿಗೆ ತಾಗಿ ನಿಂತಿತು.

ಅತ್ತೆ ಅದನ್ನು ಎತ್ತಿಕೊಂಡಳು. ಮೊಣಕಾಲು ನೋವು, ಹಾಗಾಗಿ ಅವಳು ಏಳಲಿಲ್ಲ. ಹೊಡೆದಾಟವೇ ತನ್ನ ಹತ್ತಿರ ಬರಲೆಂದು ಕುಳಿತು ಕಾದಳು. ಬಂತು. ಮೊದಲ ಪೆಟ್ಟು ಕಲ್ಮೇಶನ ಮುಂಗಾಲಿನ ಎಲುಬಿಗೆ, ಎರಡನೆಯದು ನಿಂಗರಾಜನ ಮೊಣಕೈಗೆ, ಮೂರನೆಯದು ಇಬ್ಬರಿಗೂ ಕೂಡಿಸಿ. ತೊಗರಿ ಬಡಿಯುವವಳ ಹಾಗೆ, ಸಿಟ್ಟಿಲ್ಲದೆ, ಒಂದೇ ಲಯದಲ್ಲಿ ಬಡಿದಳು. ಇಬ್ಬರೂ ಅಂಗಾತ ಬಿದ್ದು ಕೈಮುಗಿದಾಗ ನಿಲ್ಲಿಸಿದಳು.

ಆಗ ನಿಂಗರಾಜ ಒಡೆದ ಮೂಗಿನಿಂದ ನನ್ನ ಕಡೆ ತಿರುಗಿ ಅಂದ: “ಕಾಂತೇಶಣ್ಣ, ಬರೇ ಬೆನ್ನಿಗೆ ಹೊಡ್ಯೂದು, ಗಿರಾಕಿನ ಓಡಸೂದು ಅಂದಿದ್ದಿ. ಇಕಿ ಬರತಾಳಂತ ಹೇಳಿದ್ದಿಲ್ಲ.”

ಗಂಗಯ್ಯನವರು ಕದದ ಕೆಳಗಿಂದ ಎದ್ದು ಕುಳಿತಿದ್ದರು. ಬಿಳಿ ಗಡ್ಡಕ್ಕೆ ರಕ್ತ ಇಳಿಯುತ್ತಿತ್ತು. ಅವರು ಎಲ್ಲ ಕೇಳಿಸಿಕೊಂಡರು.

“ಬಾ ಇಲ್ಲೆ,” ಎಂದಳು ಅತ್ತೆ ನನಗೆ.

ಹೋದೆ. ಒಂದೇ ಪೆಟ್ಟು. ಆ ಎಲುಬಿನ ವಿಷಯ ಮೊದಲೇ ಹೇಳಿದ್ದೇನೆ.

ನಂತರ ಅವಳು ಅಗಳಿಯನ್ನು ಊರಿಕೊಂಡು ಎದ್ದು ಗಂಗಯ್ಯನವರ ಮುಂದೆ ನಿಂತಳು. “ಅಜ್ಜಾರ, ನಮ್ಮ ಸಲವಾಗಿ ನಿಮಗ ಮೋಸ ಆತು. ಬಾಗಲಾ ಕೂಡ್ರಿಸಿ ಕೊಟ್ಟ ಹೋಗತೇವಿ. ಈ ಮನಿ ನಮಗ ಬ್ಯಾಡ.” ಹನ್ನೊಂದು ಮನೆಗಳಲ್ಲಿ ಬೇಡವೆನ್ನಿಸಿಕೊಂಡವಳು, ತಾನಾಗಿ ಒಂದು ಮನೆ ಬೇಡವೆಂದದ್ದು ಅದೇ ಮೊದಲು.

ಒಂದು ಟಂಟಂ ರಿಕ್ಷಾದಲ್ಲಿ ಎಲ್ಲರನ್ನೂ ಹೇರಿಕೊಂಡು ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಗಂಗಯ್ಯನವರು ತಲೆಗೆ ಧೋತರದ ಚುಂಗು ಒತ್ತಿಕೊಂಡು ಕಣ್ಣು ಮುಚ್ಚಿದ್ದರು. ಆಸ್ಪತ್ರೆಯ ಬಾಕಿನ ಮೇಲೆ ಸಾಲಾಗಿ ಕುಳಿತೆವು: ಹರಿದ ಕಿವಿ, ಒಡೆದ ಮೂಗು, ಗಾಜು ಚುಚ್ಚಿದ ಮಾವನ ಬೆನ್ನು, ಮುರಿದ ನನ್ನ ಭುಜ, ಮತ್ತು ಗಂಗಯ್ಯನವರ ತಲೆ. ತುದಿಗೆ ಅತ್ತೆ, ಕೈಯಲ್ಲಿ ಇನ್ನೂ ಅಗಳಿ.

ನರ್ಸ್ ಯಲ್ಲವ್ವ ಹಿರಿಯರ ತಲೆಗೆ ಏಳು ಹೊಲಿಗೆ ಹಾಕಿ, ದಪ್ಪ ಪುಸ್ತಕ ತೆರೆದಳು. “ಹೆಂಗಾತ್ರಿ ಇದು? ಬಡದಾಟ ಅಂದ್ರ ಪೊಲೀಸರಿಗೆ ತಿಳಸಬೇಕಾಗತೈತಿ.”

ನಾವೆಲ್ಲ ಗಂಗಯ್ಯನವರನ್ನು ನೋಡಿದೆವು.

“ಬಡದಾಟ ಅಲ್ಲವಾ,” ಎಂದರು ಅವರು. “ಮನಿ ತೋರಸಾಕ ಹತ್ತಿದ್ನಿ.”

“ಯಾರಿಗೆ?”

“ಈ ತಂಗಿಗೆ. ತಗೊಂಡವರಿಗೆ.”

ಅತ್ತೆ ತಲೆಯೆತ್ತಿದಳು. “ನಾವೆಲ್ಲಿ ತಗೊಂಡೇವ್ರಿ ಅಜ್ಜಾರ. ನಮ್ಮ ಕಡೆ ಅಷ್ಟ ಇಲ್ರಿ.”

“ಬಾಗಲಾ ಇಲ್ಲದ ಮನಿಗೆ ಪೂರಾ ಕಿಮ್ಮತ್ತ ಯಾವ ಮಾರಿ ಇಟಗೊಂಡ ಕೇಳಲಿ? ಇದ್ದಷ್ಟ ಕೊಡ್ರಿ. ಆ ಧಾರವಾಡದಾಂವ ನನ್ನ ಗ್ವಾಡಿ ಅಳದ. ನೀ ಅದನ್ನ ಕಾಯ್ದಿ.” ಅವರು ಕಿಸೆಯಿಂದ ಖಡೆ ತೆಗೆದು ಅವಳ ತೊಡೆಯ ಮೇಲಿಟ್ಟರು. “ಎರಡೂ ಬೆನ್ನ ಮಣ್ಣಿಗೆ ಹಚ್ಚಿದಾಕಿ ನೀನ. ಕುಂತಲ್ಲಿಂದ ಏಳದ ಗೆದ್ದವರನ್ನ ನಾ ಎಲ್ಲೂ ಕಂಡಿಲ್ಲ.” ನಂತರ ನನ್ನ ಕಡೆ ತಿರುಗಿದರು. “ನೀ ಬಾಗಲಾ ಕೂಡ್ರಸು ಮಗನ. ಕೂಡ್ರಸೂಮಟ ಭೀಮಶಿ ದನಿಯಾಗ ಮಾತಾಡು.”

ಯಲ್ಲವ್ವನಿಗೆ ಇದಾವುದೂ ತಿಳಿಯಲಿಲ್ಲ. ಪೆನ್ನು ಹಿಡಿದು ಸಾಲನ್ನೆಲ್ಲ ಒಮ್ಮೆ ನೋಡಿದಳು. “ಮತ್ತ ಇವರೆಲ್ಲಾ?”

“ಅವರೂ ಮನಿ ನೋಡಾಕ ಬಂದಿದ್ರು.”

“ಮನಿ ಹೆಂಗೈತ್ರಿ?” ಎಂದು ಅವಳು ಅತ್ತೆಯನ್ನು ಕೇಳಿದಳು.

ಅತ್ತೆ ಖಡೆಯನ್ನು ಮುಂಗೈಗೆ ಏರಿಸಿ ನೋಡಿದಳು. ದೊಡ್ಡದಾಗಿತ್ತು, ಮೊಣಕೈಯವರೆಗೂ ಜಾರಿತು. “ಚಲೋ ಐತಿ,” ಎಂದಳು. “ಬಾಗಲಾ ಒಂಚೂರ ಸಡ್ಲ.”

ಮೊದಲು ಮಾವ ನಕ್ಕ, ಬೆನ್ನು ಹಿಡಿದುಕೊಂಡು. ನಿಂಗರಾಜ ನಗಲು ಹೋಗಿ ಮೂಗಿನಿಂದ ರಕ್ತ ಹಾರಿಸಿದ. ನಾನು ನಕ್ಕಾಗಲೆಲ್ಲ ಎಲುಬು ಕಟಕಟ ಎಂದಿತು. ಗಂಗಯ್ಯನವರು ಮಾತ್ರ ಬಾಕು ಅಲುಗುವ ಹಾಗೆ, ಹೊರಗೆ ನಿಂತ ಟಂಟಂನವನು ಇಣುಕಿ ನೋಡುವ ಹಾಗೆ ನಕ್ಕರು. ಒಂದು ಹೊಲಿಗೆ ಬಿಚ್ಚಿ ರಕ್ತ ಹುಬ್ಬಿಗಿಳಿಯಿತು. “ನಗಬ್ಯಾಡ್ರಿ ಅಜ್ಜಾರ,” ಎಂದು ಯಲ್ಲವ್ವ ಮತ್ತೆ ಸೂಜಿಗೆ ದಾರ ಪೋಣಿಸಿಕೊಂಡು ನಿಂತಳು. ಅವರು ಕೈಯೆತ್ತಿ, ತಡೆಯೆಂದು ಸನ್ನೆ ಮಾಡಿ, ಇನ್ನೂ ಜೋರಾಗಿ ನಕ್ಕರು.