ಸುತ್ತಿ ಬಂದ ರೀಲು

ಮಂಗಳವಾರ ಮಧ್ಯಾಹ್ನ ಮೊದಲನೇ ರೀಲಿನ ಡಬ್ಬಿಯ ಮುಚ್ಚಳ ತೆಗೆದ ಗೆರ್ಡಾ ನೋವಾಕ್ ಬಿಸಿ ಮುಟ್ಟಿದವಳಂತೆ ಕೈ ಹಿಂದಕ್ಕೆಳೆದುಕೊಂಡಳು. ರೀಲು ಆಗಲೇ ಸುತ್ತಿ ಸಿದ್ಧವಾಗಿತ್ತು.

ಬೇರೆಯವರ ಕಣ್ಣಿಗೆ ಇದೊಂದು ಸಂಗತಿಯೇ ಅಲ್ಲ. ಹನ್ನೊಂದು ವರ್ಷ ಪ್ರೊಜೆಕ್ಟರ್ ಕೋಣೆಯಲ್ಲಿ ಕಳೆದವಳಿಗೆ ಮಾತ್ರ ಇದು ಆಗಬಾರದ್ದು. ಒಮ್ಮೆ ಓಡಿದ ರೀಲಿನ ಕೊನೆ ಹೊರಗಿರುತ್ತದೆ, ಮೊದಲು ಒಳಗೆ ಸೇರಿಕೊಂಡಿರುತ್ತದೆ. ಮತ್ತೆ ತೋರಿಸಬೇಕಾದರೆ ಹಿಡಿಕೆ ತಿರುಗಿಸಿ ಪೂರ್ತಿ ಹಿಂದಕ್ಕೆ ಸುತ್ತಬೇಕು, ಆರೇಳು ನಿಮಿಷದ ಕೆಲಸ. ಎರಡು ಟಾಕೀಸುಗಳು ಒಂದೇ ಸಿನಿಮಾವನ್ನು ಹಂಚಿಕೊಂಡಾಗ ಓಡಿಸಿದವರು ಅದನ್ನು ಹಾಗೇ ಡಬ್ಬಿಗೆ ಹಾಕಿ ಕಳಿಸುತ್ತಾರೆ. ಸುತ್ತುವುದು ತರಿಸಿಕೊಂಡವರ ಪಾಲು. ಬರ್ಲಿನ್ನಿನಲ್ಲಿ ಬಾಂಬು ಬೀಳುವ ಮುಂಚೆಯೂ ಹೀಗೇ ಇತ್ತು, ಗೆದ್ದವರು ಊರನ್ನು ನಾಲ್ಕು ಪಾಲು ಮಾಡಿಕೊಂಡ ಮೇಲೂ ಹೀಗೇ ಇದೆ.

ಪಶ್ಚಿಮದ ಕಡೆಯ ರೋಸೆನ್ ಟಾಕೀಸಿನಲ್ಲಿ ಆಟ ಒಂದು ಗಂಟೆಗೆ ಶುರು. ರಷ್ಯನ್ನರ ಕಡೆಗೆ ಬಿದ್ದ ಅಡ್ಲರ್ ಟಾಕೀಸಿನಲ್ಲಿ, ಎಂದರೆ ಗೆರ್ಡಾ ಕೆಲಸ ಮಾಡುವಲ್ಲಿ, ಮುಕ್ಕಾಲು ಗಂಟೆ ತಡ. ರೋಸೆನ್‌ನಲ್ಲಿ ಒಂದೊಂದು ರೀಲು ಮುಗಿಯುತ್ತಲೇ ಆರ್ನೊ ಲೆಮ್ಕೆ ಅದನ್ನು ಸೈಕಲ್ಲಿಗೆ ಕಟ್ಟಿದ ಪುಟ್ಟ ಗಾಡಿಯ ಪೆಟ್ಟಿಗೆಗೆ ಹಾಕಿಕೊಂಡು, ಕಾವಲಿನ ಅಡ್ಡಗಂಬ ದಾಟಿ, ಹತ್ತು ನಿಮಿಷಕ್ಕೆ ಇಲ್ಲಿ ಮುಟ್ಟಿಸುತ್ತಿದ್ದ. ಇವತ್ತೂ ಹತ್ತೇ ನಿಮಿಷಕ್ಕೆ ಬಂದಿದ್ದಾನೆ. ಹಾಗಾದರೆ ಇದನ್ನು ಸುತ್ತಿದ್ದು ಯಾರು, ಯಾವಾಗ?

"ಕುಲಿಕೆ ತಾತ ಇರಬೇಕು," ಎಂದ ಆರ್ನೊ, ಬಾಗಿಲಲ್ಲಿ ನಿಂತು ಕೈ ಉಜ್ಜಿಕೊಳ್ಳುತ್ತ. ಕುಲಿಕೆ ಎಂದರೆ ರೋಸೆನ್‌ನ ಪ್ರೊಜೆಕ್ಟರ್ ನಡೆಸುವ ಮುದುಕ. "ನಿನ್ನ ಮೇಲೆ ಮನಸ್ಸು ಬಂದಿರಬೇಕು ಅವನಿಗೆ. ನಾನು ಹುಷಾರಾಗಿರಬೇಕು ಇನ್ನು."

ನಕ್ಕ. ಆದರೆ ಅವಳ ಮುಖ ನೋಡಲಿಲ್ಲ. ಚಳಿಗೆ ಒಡೆದು ಚಿಂದಿ ಸುತ್ತಿಕೊಂಡಿದ್ದ ಅವಳ ಬೆರಳುಗಳ ಕಡೆ ನೋಡಿ, ಎರಡನೇ ರೀಲಿಗೆ ಹೊತ್ತಾಯಿತೆಂದು ಇಳಿದು ಹೋದ.

ನಾಲ್ಕು ತಿಂಗಳಿಂದ ಅವನು ಆ ಮೆಟ್ಟಿಲು ಹತ್ತುವ ಸದ್ದಿಗೇ ಅವಳ ಮುಖ ಅರಳುತ್ತಿತ್ತು. ಯುದ್ಧಕ್ಕೆ ಮುಂಚೆ ಗಡಿಯಾರ ರಿಪೇರಿ ಮಾಡುತ್ತಿದ್ದವನು, ಮಾತಿನಲ್ಲಿ ಹಿತ, ಕೈಯಲ್ಲಿ ಅದಕ್ಕಿಂತ ಹಿತ. ಎರಡು ವಾರದ ಹಿಂದೆ ಅವನಿಗೆ ಒಂದು ಗುಟ್ಟು ಹೇಳಿದ್ದಳು.

ಅಡ್ಲರ್‌ನ ಪರದೆಯ ಹಿಂದೆ, ಹಳೆಯ ನಾಟಕದ ಸಾಮಾನು ತುಂಬಿದ ಕೋಣೆಯಲ್ಲಿ, ಅವಳ ತಮ್ಮ ಯೋಖೆನ್ ಅಡಗಿದ್ದ. ದಕ್ಷಿಣದ ಬೆಟ್ಟಗಳ ಗಣಿಗೆ ರಷ್ಯನ್ನರು ಹಿಡಿದು ಕಳಿಸಿದ್ದ ಹುಡುಗ ಅಲ್ಲಿಂದ ಓಡಿ ಬಂದಿದ್ದ. ಸಿಕ್ಕಿದರೆ ಮತ್ತೆ ಗಣಿಯಲ್ಲ, ಅದಕ್ಕಿಂತ ದೂರ. ಬರುವ ಸೋಮವಾರ ಗೋಡೆಯ ಬಿರುಕು ನೋಡಲು ನಗರ ಕಚೇರಿಯವರು ಬರುತ್ತಾರೆ. ಆ ಕೋಣೆಯನ್ನೂ ತೆರೆಸುತ್ತಾರೆ. ಅದಕ್ಕೆ ಆರ್ನೊ ಉಪಾಯ ಹೇಳಿದ್ದ: "ನನ್ನ ಪಾಸಿನಲ್ಲಿ 'ಒಬ್ಬ ಸಹಾಯಕನೊಂದಿಗೆ' ಅಂತ ಬರೆದಿದೆ. ಶನಿವಾರ ಕಾವಲಿಗೆ ಹೊಸಬರು ಬರ್ತಾರೆ, ನಾನು ದಿನಾ ಒಬ್ಬನೇ ಹೋಗೋದು ಅವರಿಗೆ ಗೊತ್ತಿಲ್ಲ. ಆಟ ಮುಗಿದ ಮೇಲೆ ಡಬ್ಬಿಗಳ ಜೊತೆ ಇವನನ್ನೂ ಆ ಕಡೆ ಕರ್ಕೊಂಡು ಹೋಗ್ತೀನಿ."

ಆಗ ಅವನ ಕೊರಳಿಗೆ ಜೋತುಬಿದ್ದು ಅತ್ತಿದ್ದಳು. ಈಗ ಸುತ್ತಿದ ರೀಲನ್ನು ನೋಡುತ್ತ ಲೆಕ್ಕ ಹಾಕಿದಳು. ದಾರಿಯಲ್ಲಿ ಯಾರೋ ರೀಲನ್ನು ಬಿಚ್ಚಿ ನೋಡುತ್ತಿದ್ದಾರೆ. ನೋಡಿದವರು ಮತ್ತೆ ಸುತ್ತಿ ಇಡುತ್ತಾರೆ, ಅದು ಆರ್ನೊಗೆ ತಿಳಿಯದೆ ನಡೆಯದು.

ಆಟ ಶುರುವಾದ ಮೇಲೆ ಇನ್ನೊಂದು ಕಂಡಿತು. ಪರದೆಯ ಮೇಲೆ, ನಾಯಕಿಯ ಕೆನ್ನೆಯ ಮೇಲೆಲ್ಲ, ಸಣ್ಣ ಸಣ್ಣ ಬಿಳಿ ಗೀರುಗಳ ಮಳೆ. ಹಿಂದಿನ ದಿನ ಅದು ಇರಲಿಲ್ಲ.

ಬುಧವಾರವೂ ರೀಲು ಸುತ್ತಿಕೊಂಡೇ ಬಂತು. ಆಟ ಬಿಟ್ಟ ಮೇಲೆ ಟಿಕೆಟ್ ಕೊಡುವ ಎಮ್ಮಿ ಚಿಕ್ಕಮ್ಮ ಓಕ್ ಮರದ ಕಾಯಿ ಹುರಿದು ಮಾಡಿದ ಕಾಫಿ ಹಿಡಿದು ಮೇಲೆ ಬಂದಳು. ಗೆರ್ಡಾಳ ಅಪ್ಪನ ತಮ್ಮನ ಹೆಂಡತಿ. ಯೋಖೆನನಿಗೆ ದಿನಾ ಟರ್ನಿಪ್ ಗಡ್ಡೆಯ ಸಾರು ಕದ್ದುಮುಚ್ಚಿ ಕೊಟ್ಟು ಬರುವವಳೂ ಅವಳೇ.

"ನಿನ್ನ ಗಡಿಯಾರದೋನು ಕಾವಲು ಮನೇಲಿ ಕೂತು ಚಹಾ ಕುಡೀತಿದ್ದ," ಎಂದಳು. "ಬಾಗಿಲು ತೆರೆದಿತ್ತು. ರಷ್ಯನ್ ಸಿಪಾಯಿಗಳ ಮಧ್ಯೆ ಮದುಮಗನ ಥರ."

"ಯಾವಾಗ?"

"ಬೆಳಿಗ್ಗೆ. ನಾನೇನೂ ಹೇಳ್ತಿಲ್ಲಮ್ಮ. ಕಂಡದ್ದು ಹೇಳಿದೆ. ನಮ್ಮ ಬೀದಿ ದರ್ಜಿ ಮಗನೂ ಯಾರೋ ಒಳ್ಳೆಯವನ ಜೊತೇನೇ ಗಡಿ ದಾಟೋಕೆ ಹೋಗಿದ್ದು. ಆಮೇಲೆ ಪತ್ತೇನೇ ಇಲ್ಲ, ದರ್ಜಿ ಈಗಲೂ ಮಗನ ಕೋಟಿಗೆ ಇಸ್ತ್ರಿ ಹಾಕಿ ಇಡ್ತಾನೆ."

"ಚಿಕ್ಕಮ್ಮ, ಸಾಕು."

"ಸಾಕು ಅಂದ್ರೆ ಸಾಕು. ಕಾಫಿ ಕುಡಿ, ಆರಿಹೋಗುತ್ತೆ. ಬಿಸಿ ಇದ್ದಾಗಲೂ ಅದಕ್ಕೆ ರುಚಿ ಇಲ್ಲ."

ಗುರುವಾರ ಗೆರ್ಡಾ ಮಾಲೀಕರ ಕೋಣೆಯ ಫೋನಿನಿಂದ ರೋಸೆನ್‌ಗೆ ಮಾತಾಡಿದಳು. ಕುಲಿಕೆ ತಾತನಿಗೆ ಕಿವಿ ಮಂದ, ಮೂರು ಸಲ ಕೂಗಬೇಕಾಯಿತು.

"ನಾನಾ?" ಎಂದ ಮುದುಕ. "ನಲವತ್ತು ವರ್ಷದಲ್ಲಿ ನನ್ನ ಹೆಂಡ್ತಿಗೆ ಒಂದು ಉಂಡೆ ಉಣ್ಣೆ ಸುತ್ತಿಕೊಟ್ಟಿಲ್ಲ. ನಿನಗೆ ರೀಲು ಸುತ್ತಿಕೊಡ್ತೀನಾ ಮಗಳೇ?"

ಫೋನು ಕೆಳಗಿಟ್ಟ ಗೆರ್ಡಾಳಿಗೆ ಇನ್ನೇನೂ ಬೇಕಿರಲಿಲ್ಲ. ಆರ್ನೊ ಹೇಳಿದ್ದು ಸುಳ್ಳು. ಒಂದಕ್ಕೊಂದು ಕೂಡಿಸುತ್ತ ಹೋದಳು: ಇತ್ತೀಚೆಗೆ ಡಬ್ಬಿಗಳನ್ನು ತಾನೇ ಇಳಿಸುತ್ತಾನೆ, ತಾನೇ ಏರಿಸುತ್ತಾನೆ; "ನೀನು ಅಂಗಳಕ್ಕೆ ಇಳೀಬೇಡ, ಚಳಿ" ಅನ್ನುತ್ತಾನೆ. ಗಾಡಿಯ ಪೆಟ್ಟಿಗೆಯ ಹತ್ತಿರ ಯಾರನ್ನೂ ಬಿಡುವುದಿಲ್ಲ. ಅದರಲ್ಲಿ ಏನಿದೆ?

ಅಂದಿನಿಂದ ಅವನನ್ನು ಮತ್ತೆ ಬಹುವಚನದಲ್ಲಿ ಮಾತಾಡಿಸತೊಡಗಿದಳು. ಅವನು ಒಮ್ಮೆ ಹುಬ್ಬೇರಿಸಿದ, ಏನೂ ಕೇಳಲಿಲ್ಲ. ಕೇಳದ್ದಕ್ಕೂ ಅವಳಿಗೆ ಅನುಮಾನ ಬಂತು.

ಶನಿವಾರ ಆಟಕ್ಕೆ ಮುಂಚೆ ಪರದೆಯ ಹಿಂದೆ ಹೋಗಿ ತಮ್ಮನಿಗೆ ಹೇಳಿಬಿಟ್ಟಳು: "ಇವತ್ತು ಹೋಗೋದು ಬೇಡ."

ಯೋಖೆನ್ ರಟ್ಟಿನ ಸಿಂಹಾಸನದ ಮೇಲೆ ಕಂಬಳಿ ಹೊದ್ದು ಕುಳಿತಿದ್ದ. "ಹಾಗಾದ್ರೆ ಸೋಮವಾರ ಬರೋರಿಗೆ ಏನಂತೀಯ ಅಕ್ಕ? ನಾನೂ ನಾಟಕದ ಸಾಮಾನು ಅಂತಲಾ?"

ಗೆರ್ಡಾ ಅವನ ಕಂಬಳಿ ಸರಿಪಡಿಸಿ ಯಂತ್ರದ ಕಡೆ ಹೋದಳು.

ಮೂರೂವರೆಗೆ ಆಟ ಬಿಟ್ಟಿತು. ಜನ ಹೋದ ಮೇಲೆ ಆರ್ನೊ ಟಾಕೀಸಿನ ಕಿಟಕಿಗಳಿಗೆ ಹಲಗೆ ಮುಚ್ಚಲು ಎಮ್ಮಿ ಚಿಕ್ಕಮ್ಮನಿಗೆ ನೆರವಾಗುತ್ತಿದ್ದ. ಗೆರ್ಡಾ ಎರಡು ಡಬ್ಬಿ ಎತ್ತಿಕೊಂಡು ಹಿಂಬದಿ ಮೆಟ್ಟಿಲಿನಿಂದ ಅಂಗಳಕ್ಕಿಳಿದಳು. ಗಾಡಿ ಗೋಡೆಗೆ ಆತುಕೊಂಡಿತ್ತು. ಡಬ್ಬಿ ಕೆಳಗಿಟ್ಟು ಪೆಟ್ಟಿಗೆಯ ಕೊಂಡಿ ತೆಗೆದಳು.

ಒಳಗೆ ಎರಡು ಕಬ್ಬಿಣದ ಗೂಟಗಳು, ರೀಲು ಕೂರಿಸುವಷ್ಟು ದಪ್ಪದವು. ಗೋಡೆ ಗಡಿಯಾರದ ಹಲ್ಲುಚಕ್ರಗಳು. ಅಲ್ಲಿಂದ ಕೆಳಗಿಳಿದ ಸೈಕಲ್ ಚೈನು ಗಾಡಿಯ ಚಕ್ರದ ಅಚ್ಚಿಗೆ ಸುತ್ತಿಕೊಂಡಿತ್ತು. ಪೆಟ್ಟಿಗೆಯ ಒಳಮೈಗೆಲ್ಲ ಬೂದು ಬಣ್ಣದ ಉಣ್ಣೆಯ ಬಟ್ಟೆ. ಆ ಬಟ್ಟೆ ಅವಳಿಗೆ ಗೊತ್ತಿತ್ತು. ಆರ್ನೊನ ಕೋಟಿನ ಒಳಪದರ.

"ಮುಚ್ಚು ಅದನ್ನ," ಹಿಂದಿನಿಂದ ಅವನ ದನಿ. "ಧೂಳು ಕೂರುತ್ತೆ."

"ಏನಿದು?"

"ಚಕ್ರ ತಿರುಗಿದ ಹಾಗೆ ರೀಲು ಸುತ್ತಿಕೊಳ್ಳುತ್ತೆ. ಇಲ್ಲಿಗೆ ಬರೋಷ್ಟರಲ್ಲಿ ಪೂರ್ತಿ ಆಗಿರುತ್ತೆ."

"ಬೀದೀಲಿ? ಈ ಕಲ್ಲುಹಾಸಿನ ಮೇಲೆ ಕುಣಿಸ್ಕೊಂಡು? ಪರದೆ ಮೇಲೆ ಬಂದ ಮಳೆ ನಿಮ್ಮದಾ?"

"ಅದಕ್ಕೇ ಕುಲಿಕೆ ಹೆಸರು ಹೇಳಿದ್ದು. ನಿಜ ಹೇಳಿದ್ರೆ ನನ್ನ ಚರ್ಮ ಸುಲಿದು ಒಣಗಿಸ್ತಿದ್ದೆ. ಆಮೇಲೆ ಒಳಗೆ ಬಟ್ಟೆ ಹೊಲಿದೆ. ಗೀರು ಕಮ್ಮಿ ಆಗಿಲ್ವಾ?"

"ಯಾಕೆ ಮಾಡಿದ್ರಿ ಇದನ್ನ?"

ಅವನು ಹಿಮಗಟ್ಟಿದ ನೆಲವನ್ನು ಬೂಟಿನಿಂದ ಕೆದಕಿದ. "ಹೋದ ವಾರ ಮೂರನೇ ರೀಲಿನ ಡಬ್ಬಿ ಮೇಲೆ ರಕ್ತದ ಬೆರಳಚ್ಚಿತ್ತು. ಹಿಡಿಕೆ ತಿರುಗಿಸಿ ತಿರುಗಿಸಿ ನಿನ್ನ ಕೈ ಒಡೀತಿದೆ. ಮುಲಾಮು ಎಲ್ಲೂ ಸಿಗಲಿಲ್ಲ. ಚೈನು ಸಿಕ್ತು."

ಅವಳು ಪೆಟ್ಟಿಗೆ ಮುಚ್ಚಿ ಕೊಂಡಿ ಹಾಕಿದಳು. "ಕಾವಲು ಮನೆ ಚಹಾ?"

"ಕರೀತಾರೆ, ಹೋಗ್ತೀನಿ. ಒಲ್ಲೆ ಅಂದೋನ ಮೇಲೆ ಅವರಿಗೆ ಅನುಮಾನ. ನಿನ್ನ ಹಾಗೇ."

ಪೆಟ್ಟಿಗೆಯ ಗುಟ್ಟು ಬಯಲಾಗಿತ್ತು. ಚಹಾದ ಗುಟ್ಟು ಆಗಿರಲಿಲ್ಲ. ಪ್ರೀತಿಗೆ ಇಷ್ಟು ನಯವಾಗಿ ಸುಳ್ಳು ಹೇಳಬಲ್ಲವನು ಇನ್ನೊಂದಕ್ಕೂ ಹೇಳಬಲ್ಲ ಎಂದು ಅವಳ ಮನಸ್ಸು ಪಿಸುಗುಟ್ಟುತ್ತಲೇ ಇತ್ತು. ಆದರೆ ಸೋಮವಾರ ನಡುವೆ ಒಂದೇ ದಿನ ಬಿಟ್ಟು ನಿಂತಿತ್ತು. ಆ ಚಳಿಯಲ್ಲಿ ಒಳಪದರವಿಲ್ಲದ ಕೋಟು ತೊಟ್ಟು ನಡುಗುತ್ತ ನಿಂತವನನ್ನು ನೋಡಿ ಅವಳು ತಮ್ಮನ ಹತ್ತಿರ ಹೋದಳು.

"ಹೊರಡು. ಆದರೆ ಒಂದು ಮಾತು, ಆರ್ನೊಗೂ ಹೇಳಬೇಡ. ಆ ಕಡೆ ಕ್ಷೇಮವಾಗಿ ಮುಟ್ಟಿದ್ರೆ, ನಾಳೆ ಮೊದಲನೇ ರೀಲು ರೋಸೆನ್‌ನಲ್ಲಿ ಓಡಿದ ಮೇಲೆ ಅದರ ಕೊನೇಲಿರೋ ಕಪ್ಪು ತುಂಡಿನ ಮೇಲೆ ಮೊಳೆಯಿಂದ ಕೆರೆದು ಬರಿ. ನೆಲಮಾಳಿಗೇಲಿ ಬರೀತಿದ್ವಲ್ಲ, ಅದನ್ನ."

ಬಾಂಬಿನ ರಾತ್ರಿಗಳಲ್ಲಿ ನೆಲಮಾಳಿಗೆಯ ಗೋಡೆಯ ತುಂಬ ಯೋಖೆನ್ ಮುಳ್ಳುಹಂದಿ ಬರೆಯುತ್ತಿದ್ದ. ನಾಲ್ಕನೇ ಕಾಲು ಅವನಿಗೆ ಎಂದೂ ಬರೆಯಲು ಬರಲಿಲ್ಲ. ಅದು ಅಕ್ಕ ತಮ್ಮನನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಿಲ್ಲ.

"ಮೂರು ಕಾಲಿಂದು?" ಎಂದ ಯೋಖೆನ್.

"ಅದೇ."

ನಾಲ್ಕು ಗಂಟೆಗೆ, ಚಳಿಗಾಲದ ಕತ್ತಲು ಆಗಲೇ ಕವಿಯುತ್ತಿದ್ದಾಗ, ಆರ್ನೊ, ಯೋಖೆನ್ ಇಬ್ಬರೂ ಗಾಡಿ ತಳ್ಳಿಕೊಂಡು ಹೊರಟರು. ಗೆರ್ಡಾ ಪ್ರೊಜೆಕ್ಟರ್ ಕೋಣೆಯ ಕಿಂಡಿಯಿಂದ ನೋಡಿದಳು. ಅಡ್ಡಗಂಬದ ಬಳಿ ಸಿಪಾಯಿ ಪಾಸು ತಿರುಗಿಸಿ ಮುರುಗಿಸಿ ನೋಡಿದ. ಆರ್ನೊ ಏನೋ ಅಂದ, ಸಿಪಾಯಿ ನಕ್ಕ. ಆಮೇಲೆ ಇಬ್ಬರನ್ನೂ ಕಾವಲು ಮನೆಯ ಒಳಗೆ ಕರೆದ. ಬಾಗಿಲು ಮುಚ್ಚಿತು. ಅದು ತೆರೆಯುವ ಮೊದಲೇ ಬೀದಿಯ ಕರೆಂಟು ಹೋಯಿತು. ಕತ್ತಲಲ್ಲಿ ಮತ್ತೇನೂ ಕಾಣಲಿಲ್ಲ.

ಭಾನುವಾರ ಒಂದೂವರೆಗೆ ಬರಬೇಕಾದವನು ಒಂದೂ ಮುಕ್ಕಾಲಾದರೂ ಬರಲಿಲ್ಲ. ಜನ ಕಾಲಿನಿಂದ ನೆಲ ಬಡಿಯತೊಡಗಿದ್ದರು. ಆಮೇಲೆ ಮೆಟ್ಟಿಲ ಮೇಲೆ ಸದ್ದು.

"ಮುಟ್ಟಿಸಿದೆ," ಎಂದ ಆರ್ನೊ ಏದುಸಿರು ಬಿಡುತ್ತ. "ನಿನ್ನ ತಮ್ಮ ಕುಲಿಕೆ ತಾತನ ಮನೇಲಿ ಆಲೂಗಡ್ಡೆ ತಿಂದು ಗೊರಕೆ ಹೊಡೆದ."

"ತಡ ಯಾಕೆ?"

"ಟೈರು," ಎಂದ ಅವನು, ಕಣ್ಣು ತಪ್ಪಿಸಿ. ಎರಡನೇ ರೀಲಿಗೆಂದು ಓಡಿದ.

ಎಮ್ಮಿ ಚಿಕ್ಕಮ್ಮ ಬಾಗಿಲಲ್ಲಿ ಇಣುಕಿ, "ದರ್ಜಿಗೂ ಹೀಗೇ ಹೇಳಿದ್ರಂತೆ, ಮುಟ್ಟಿಸಿದೆ ಅಂತ," ಎಂದಳು.

ರೀಲು ಸುತ್ತಿಕೊಂಡೇ ಬಂದಿತ್ತು. ಅದರ ಕೊನೆ ಈಗ ಒಳಗೆ, ಸುರುಳಿಯ ನಟ್ಟನಡುವೆ. ಬಿಚ್ಚಿ ನೋಡಲು ಹೊತ್ತಿಲ್ಲ, ಓಡಿಸಿಯೇ ನೋಡಬೇಕು. ಇಪ್ಪತ್ತು ನಿಮಿಷ. ಗೆರ್ಡಾ ದೀಪ ಹೊತ್ತಿಸಿ ಯಂತ್ರ ಬಿಟ್ಟಳು.

ಪರದೆಯ ಮೇಲೆ ಬಂದರಿನ ಊರು, ಮಂಜು. ನಾಯಕಿ ತನ್ನ ಪ್ರಿಯನ ಜೇಬಿನಲ್ಲಿ ಬೇರೆ ಹೆಸರಿನ ಕಾಗದ ಕಂಡು ಬೆಚ್ಚುತ್ತಾಳೆ. ಹದಿನೈದು ದಿನದಿಂದ ನೋಡಿದ್ದನ್ನೇ ಗೆರ್ಡಾ ಇಂದು ಉಸಿರು ಹಿಡಿದು ನೋಡಿದಳು. ಮೇಲಿನ ಸುರುಳಿ ತೆಳ್ಳಗಾಗುತ್ತ ಬಂತು. ಅವಳ ಬೆನ್ನ ಹಿಂದೆ ಬಾಗಿಲು ತೆರೆದ ಸದ್ದಾಯಿತು. ಆರ್ನೊ ಎರಡನೇ ಡಬ್ಬಿ ಹಿಡಿದು ನಿಂತಿದ್ದ. ಅವಳು ತಿರುಗಲಿಲ್ಲ. ಪರದೆಯ ಮೇಲೆ ಪ್ರಿಯ ಒಳಗಿನಿಂದ ಅಗುಳಿ ಹಾಕಿದ, ನಾಯಕಿ ಗೋಡೆಗೆ ಸರಿದಳು. ರೀಲು ಮುಗಿಯಿತು.

ಕೊನೆಯ ಕಪ್ಪು ತುಂಡು ಪರದೆಯ ಮೇಲೆ ಓಡದಂತೆ ಇಲ್ಲಿ ದಿನಾ ದೀಪದ ಮುಚ್ಚಳ ಹಾಕುತ್ತಿದ್ದಳು. ಇಂದು ಹಾಕಲಿಲ್ಲ.

ಪರದೆ ಕಪ್ಪಾಯಿತು. ಒಂದು ಗಳಿಗೆ ಕಪ್ಪೇ ಇತ್ತು. ಆಮೇಲೆ ಬಿಳಿ ಗೆರೆಯ ಒಂದು ಮುಳ್ಳುಹಂದಿ, ಆಳೆತ್ತರದ್ದು, ಚಳಿಗೆ ನಡುಗುವಂತೆ ಗಡಗಡ ಕುಣಿದು ಮಾಯವಾಯಿತು.

ಕೆಳಗೆ ಜನರಲ್ಲಿ ನಗೆ ಎದ್ದಿತು. "ಅದೇನೇ ಅದು, ಬ್ರಷ್ಷಾ?" "ಮುಳ್ಳುಹಂದಿ ಕಣೇ." "ಇನ್ನೊಂದು ಕಾಲೆಲ್ಲಿ?" "ರೇಶನ್‌ನಲ್ಲಿ ಮೂರೇ ಕೊಟ್ಟಿದ್ದು."

ಗೆರ್ಡಾ ಯಂತ್ರದ ಬಿಸಿ ತಗಡಿಗೆ ಹಣೆಯಿಟ್ಟು ನಿಂತಳು.

"ಅದಾ ಅವನು ಕೆರೀತಿದ್ದದ್ದು," ಎಂದ ಆರ್ನೊ ಮೆಲ್ಲಗೆ. "ಕಾಲು ಗಂಟೆ ರೀಲು ಕೊಡಲೇ ಇಲ್ಲ. ಫಿಲ್ಮಿನ ಒಂದೊಂದು ಚೌಕದಲ್ಲೂ ಬರೀಬೇಕು ಅಂತ ಕೂತ. ಕುಲಿಕೆ ತಾತ ಕೋಲು ಹಿಡ್ಕೊಂಡು ನಿಂತಿದ್ದ. ಅಕ್ಕನಿಗೆ ಹೇಳಬೇಡ ಅಂದ ನಿನ್ನ ತಮ್ಮ, ಅದಕ್ಕೆ ಟೈರು ಅಂದೆ."

"ನಿನ್ನ ಬಾಯಲ್ಲಿ ನಿಜ ಯಾವಾಗ ಬರುತ್ತೆ?"

"ಕೇಳೋರು ಏಕವಚನದಲ್ಲಿ ಕೇಳಿದಾಗ."

ಅವಳು ಅವನ ಕೈಯಿಂದ ಡಬ್ಬಿ ಇಸಿದುಕೊಂಡು ಮುಚ್ಚಳ ತೆಗೆದಳು. ಇದೂ ಸುತ್ತಿತ್ತು. "ನಾಳೆಯಿಂದ ಸುತ್ತದೆ ಹಾಗೇ ತಾ. ನನ್ನ ರೀಲು ನಾನೇ ಸುತ್ಕೋತೀನಿ."

"ಇನ್ನೂ ನಂಬಿಕೆ ಇಲ್ವಾ?"

"ನಿನ್ನ ಚೈನಿನ ಮೇಲಿಲ್ಲ. ಆ ಪೆಟ್ಟಿಗೆ ಬಟ್ಟೆ ಬಿಚ್ಚಿ ತಗೊಂಡು ಬಾ, ಕೋಟಿಗೆ ಹೊಲಿದುಕೊಡ್ತೀನಿ."

"ಒಡೆದ ಬೆರಳಲ್ಲಿ?"

ಕೆಳಗೆ ಜನ ಮತ್ತೆ ನೆಲ ಬಡಿಯತೊಡಗಿದರು. ಗೆರ್ಡಾ ಎರಡನೇ ರೀಲನ್ನು ಯಂತ್ರಕ್ಕೆ ಏರಿಸುತ್ತ, "ಸೂಜಿಗೆ ದಾರ ನೀನು ಪೋಣಿಸು," ಎಂದಳು.