ಬೆನ್ನ ಮೇಲಿನ ವಿಳಾಸ

ಕಡಲಜೀವಿಗಳ ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಏಡಿಯಕ್ಕ ಎಂದೇ ಕರೆಯುತ್ತಿದ್ದರು. ಕಡಲ ಸ್ಪಂಜು, ಪಾಚಿ, ಸಿಕ್ಕಿದ್ದನ್ನೆಲ್ಲ ಬೆನ್ನಿಗೆ ಸಿಕ್ಕಿಸಿಕೊಂಡು ಕಲ್ಲಿನಂತೆ ಕೂರುವ ಒಂದು ಅಪರೂಪದ ಜಾತಿಯ ವೇಷಗಾರ ಏಡಿ ಎಲ್ಲೆಲ್ಲಿದೆಯೆಂದು ನಕ್ಷೆಯಲ್ಲಿ ಗುರುತಿಸುವುದು ಅವಳ ಕೆಲಸ. ತನ್ನೂರಿನ ಕಡಲಲ್ಲಿ ಮಾತ್ರ ಅದು ಕಣ್ಣಿಗೆ ಬಿದ್ದಿರಲಿಲ್ಲ. ನಕ್ಷೆಯಲ್ಲಿ ಆ ಜಾಗ ಬೋಳಾಗಿಯೇ ಇತ್ತು. ಹುಡುಕಿದ್ದು ಸಾಕೆಂದು ಮೇಲಧಿಕಾರಿ ಗೊಣಗತೊಡಗಿದ್ದರು.

ಒಂದು ಬೆಳಿಗ್ಗೆ, ಚಿಕ್ಕ ದೋಣಿಯಲ್ಲಿ ಮೀನು ಹಿಡಿಯುವ ಅವಳ ತಮ್ಮ ಬಕೆಟ್ ಹಿಡಿದು ಬಂದ.

"ಕಲ್ಲು ಅಂತ ಎಸೆಯೋಕೆ ಹೋದೆ, ಕಲ್ಲೇ ಬೆರಳು ಕಚ್ಚಿತು. ನಿನ್ನ ಬಳಗದವನೇ ಇರಬೇಕು, ನೋಡಕ್ಕ."

"ಎಲ್ಲಿ ಸಿಕ್ತೋ?"

"ಇಲ್ಲೇ, ಬಂದರಿನ ಬಾಯಲ್ಲಿ. ಆ ಬಂಡೆ ಕಡೆ ನಾನು ತಲೆ ಹಾಕಿಯೂ ಮಲಗಿಲ್ಲ."

ಬಂಡೆಯ ಮಾತನ್ನು ಅವಳು ಎತ್ತಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಕದ್ದ ಮಾಲೂ ಎದುರಿಗೇ ಇತ್ತು, ಏಡಿಯ ಬೆನ್ನ ಮೇಲೆ: ನೇರಳೆ ಸ್ಪಂಜು. ಈ ಏಡಿ ತಾನಿದ್ದಲ್ಲಿ ಸಿಗುವುದನ್ನೇ ಹೊದೆಯುತ್ತದೆ. ಆ ಸ್ಪಂಜು ಬೆಳೆಯುವುದು ಬಲೆ ಹಾಕಬಾರದೆಂದು ಕಾವಲಿಟ್ಟ ಬಂಡೆಯ ಮೇಲೆ ಮಾತ್ರ. ಬಂದರಿನ ಬಾಯಲ್ಲಿರುವುದು ಬರೀ ಕೆಸರು. ನಿಜ ಬರೆದರೆ ತಂದವನ್ಯಾರು ಎಂಬ ಪ್ರಶ್ನೆ ಬರುತ್ತದೆ, ದೋಣಿ ಜಪ್ತಿಯಾಗುತ್ತದೆ. ಅವನ ಹೆಂಡತಿ ತುಂಬು ಬಸುರಿ.

"ದೆವ್ವ ಕಂಡೋರ ಹಾಗೆ ಯಾಕೆ ನಿಂತೆ? ನಿನ್ನ ಏಡಿ ಹೌದೋ ಅಲ್ವೋ?"

"ತೊಳೆದು ನೋಡಬೇಕು."

ಚಿಪ್ಪಿನ ಮುಳ್ಳು ಕಂಡರೇ ಜಾತಿ ಗೊತ್ತಾಗುವುದು, ಅದಕ್ಕೆ ಬೆನ್ನು ಉಜ್ಜಲೇಬೇಕು. ಏಡಿ ಎಲ್ಲಿಯದೆಂಬುದಕ್ಕೆ ಸಾಕ್ಷಿಯಾಗಿ, ಉಜ್ಜಿ ತೆಗೆದದ್ದನ್ನು ಸೀಸೆಯಲ್ಲಿಡಬೇಕು. ಹೊಸಬರಿಗೆಲ್ಲ ಇದನ್ನು ಕಲಿಸಿದವಳು ಅವಳೇ. ಆ ದಿನ ಸೀಸೆಗೆ ಕೈ ಹಾಕಲಿಲ್ಲ. ನಲ್ಲಿ ತಿರುಗಿಸಿದಳು. ನೇರಳೆ ಚೂರುಗಳು ಸಿಂಕಿನ ತೂತಿನಲ್ಲಿ ಇಳಿದುಹೋದವು. ಏಡಿ ಅದೇ. ಅದನ್ನು ಗಾಜಿನ ತೊಟ್ಟಿಗೆ ಬಿಟ್ಟು, ನಕ್ಷೆಯಲ್ಲಿ ಬಂದರಿನ ಬಾಯಿಗೆ ಚುಕ್ಕೆ ಇಟ್ಟಳು.

ಮೇಲಧಿಕಾರಿ ಹೊಗಳಿದ್ದೇ ಹೊಗಳಿದ್ದು. ಕೆಲವೇ ತಿಂಗಳಲ್ಲಿ ಆದೇಶ ಬಂತು: ಅಪರೂಪದ ಏಡಿಯ ನೆಲೆಯಾದ್ದರಿಂದ ಬಂದರಿನ ಬಾಯಲ್ಲೂ ಇನ್ನು ಬಲೆ ಹಾಕುವಂತಿಲ್ಲ. ಚಿಕ್ಕ ದೋಣಿಗಳಿಗೆ ಉಳಿದಿದ್ದ ಜಾಗ ಅದೊಂದೇ.

ಸುದ್ದಿ ಕೇಳಿ ಬಂದ ತಮ್ಮ ಪ್ರಯೋಗಾಲಯದ ಬಾಗಿಲಲ್ಲೇ ನಿಂತ, ಒಳಗೆ ಬರಲಿಲ್ಲ.

"ಚೆನ್ನಾಗಿ ಮಾಡಿದೆ ಕಣಕ್ಕ. ಆ ಕೆಸರಲ್ಲಿ ಏಡಿ ಎಲ್ಲಿಂದ ಬರ್ಬೇಕು? ಅಷ್ಟೂ ಗೊತ್ತಾಗಲಿಲ್ವಾ?"

"ನೀನೇ ಹೇಳಿದ್ದಲ್ವೇನೋ?"

"ನಾನು ಹೊಟ್ಟೆಪಾಡಿಗೆ ಹೇಳೋನು. ನೋಡಿ ಹೇಳೋಳು ನೀನು."

ಅವನು ಹೋದ ಮೇಲೆ ಅವಳು ಮೇಲಧಿಕಾರಿಯ ಮುಂದೆ ನಿಂತಳು. ಚುಕ್ಕೆ ತಪ್ಪು, ಏಡಿ ಬಂಡೆಯದು, ಬೆನ್ನ ಮೇಲೆ ನೇರಳೆ ಸ್ಪಂಜಿತ್ತು ಎಂದಳು. ತಮ್ಮನ ಸುದ್ದಿ ಎತ್ತಲಿಲ್ಲ.

ಅವರು ಕನ್ನಡಕ ತೆಗೆದು ನೋಡಿದರು. "ಸೀಸೆ ತನ್ನಿ ಹಾಗಾದ್ರೆ."

ತರಲು ಏನಿತ್ತು? ತೊಟ್ಟಿಯಲ್ಲಿ ಏಡಿ ಆಗಲೇ ಅಲ್ಲಿನ ಹಸಿರು ಪಾಚಿಯನ್ನು ಮೈತುಂಬ ಹೊದ್ದುಕೊಂಡು, ಹುಟ್ಟಿದಾಗಿನಿಂದ ಅಲ್ಲೇ ಇದ್ದಂತೆ ಕೂತಿತ್ತು.