ವರ್ಲನ್‌ನ ಹೊಟ್ಟೆಕಿಚ್ಚಿನ ರೀಲು

ಸೆಮಿನೋಲ್ ಕೆರೆಯಲ್ಲಿ ಜಲಕಳೆ ಎಷ್ಟು ದಟ್ಟವೆಂದರೆ, ಜಾರ್ಜಿಯಾ ದಡದಲ್ಲಿ ಬಿಟ್ಟ ಕೋಳಿ ಕಾಲು ಒದ್ದೆ ಮಾಡಿಕೊಳ್ಳದೆ ಫ್ಲೋರಿಡಾ ದಡಕ್ಕೆ ನಡೆದುಹೋಗಿ, ಅಲ್ಲಿ ಮೊಟ್ಟೆಯಿಟ್ಟು ಸಂಜೆಯೊಳಗೆ ಹಿಂದಿರುಗುತ್ತದೆ. ಆ ಕಳೆಯ ಕೆಳಗೆ ಬಾಸ್ ಮೀನುಗಳು ಕೆಸರಲ್ಲಿ ಬಿದ್ದ ಎಮ್ಮೆಗಳಂತೆ ಮಲಗಿರುತ್ತವೆ. ಅವನ್ನು ಎಬ್ಬಿಸಿ ಹೊರಗೆಳೆಯುವುದರಲ್ಲಿ ಮೂರು ರಾಜ್ಯಗಳಲ್ಲೂ ವರ್ಲನ್ ಟಿಲರಿಯನ್ನು ಮೀರಿಸಿದವನಿರಲಿಲ್ಲ. ಮೂರು ರಾಜ್ಯಗಳಿಗೂ ಈ ಸುದ್ದಿ ಮುಟ್ಟಿಸಿದವನು ವರ್ಲನ್ನೇ.

ಇಂಥ ವರ್ಲನ್‌ನ ದೋಣಿಯಲ್ಲಿ ಹದಿನೇಳು ವರ್ಷ ಹಿಂದಿನ ಸೀಟಿನಲ್ಲಿ ಕೂತಿದ್ದ ಹಾಲಿಸ್ ಮಿಕ್ಸನ್, ಜೂನ್ ತಿಂಗಳ ಮೊದಲ ಶನಿವಾರ ಬೇರೊಬ್ಬನ ದೋಣಿ ಹತ್ತಿಬಿಟ್ಟ.

ಆ ಬೇರೊಬ್ಬ ಬ್ರ್ಯಾಂಟ್ಲಿ ಕೋ. ಅಟ್ಲಾಂಟಾದಲ್ಲಿ ವಿಮೆ ಮಾರಿ ನಿವೃತ್ತನಾಗಿ, ಕೆರೆದಂಡೆಯಲ್ಲಿ ಮನೆ ಕಟ್ಟಿಸಿಕೊಂಡು ಬಂದವನು. ಅವನ ದೋಣಿ ಎಂಥ ಮಿರುಗು ಮಿರುಗುತ್ತಿತ್ತೆಂದರೆ ಕೊಕ್ಕರೆಗಳು ಸಾಲುಗಟ್ಟಿ ಬಂದು ಅದರಲ್ಲಿ ಮುಖ ನೋಡಿಕೊಂಡು ಹೋಗುತ್ತಿದ್ದವು. ಅವನ ಗಾಳದ ಕೋಲಿಗೆ ಕೂರಿಸಿದ್ದ, ದಾರ ಸುತ್ತುವ ರೀಲೊಂದರ ಬೆಲೆಯೇ ನಾನೂರೈವತ್ತು ಡಾಲರ್. ವರ್ಲನ್‌ನ ರೀಲಿಗೆ ಹಲ್ಲು ಸವೆದು, ತಿರುಗಿಸಿದರೆ ಮುದುಕ ಕಡಲೆ ಅಗಿದ ಸದ್ದು ಬರುತ್ತಿತ್ತು.

ಅಂದಿನಿಂದ ವರ್ಲನ್‌ಗೆ ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. "ನಾನು ಬಿಟ್ಟುಹೋಗಿದ್ರೂ ಈ ಮನುಷ್ಯ ಇಷ್ಟು ಕೊರಗ್ತಿರಲಿಲ್ಲ," ಎಂದು ಅವನ ಹೆಂಡತಿ ಜೂನೆಲ್ ಚರ್ಚಿನ ಮೆಟ್ಟಿಲ ಮೇಲೆ ನಿಂತು ಊರಿಗೆಲ್ಲ ಕೇಳುವಂತೆ ಹೇಳಿದಳು.

ಪೆಟ್ರೋಲ್ ಬಂಕಿನಲ್ಲಿ ಹಾಲಿಸ್ ಸಿಕ್ಕಿದಾಗ ವರ್ಲನ್ ಅವನ ಮುಖ ನೋಡದೆ ಕೇಳಿದ:

"ಹೆಂಗಿದೆಯಪ್ಪಾ ಹೊಸ ದೋಣಿ?"

"ಮೆತ್ತಗಿದೆ ಸೀಟು."

"ಅಲ್ಲಿ ಬೇಯಿಸಿದ ಕಡಲೆಕಾಯಿ ತಿಂದು ಸಿಪ್ಪೆ ಉಗಿಯೋಕೆ ಬಿಡ್ತಾನಾ?"

"ಬಿಡಲ್ಲ. ಸಿಪ್ಪೆಗೆ ಅಂತ ಒಂದು ಚೀಲ ಕೊಟ್ಟಿದಾನೆ." ಹಾಲಿಸ್ ತುಸು ನಾಚಿದ. "ಆದ್ರೆ ಆ ರೀಲು ನೋಡ್ಬೇಕು ಕಣೋ. ಕಳೆಯೊಳಗಿಂದ ಮೀನನ್ನ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೀತದೆ."

ಅಷ್ಟು ಸಾಕಾಯಿತು. ಹಾಲಿಸ್‌ನನ್ನು ಕದ್ದದ್ದು ಆ ರೀಲೇ ಎಂದು ವರ್ಲನ್ ತೀರ್ಮಾನಿಸಿದ. ರೀಲಿನಿಂದ ಹೋದವನನ್ನು ರೀಲಿನಿಂದಲೇ ತರಬೇಕು. ಜೂನೆಲ್ ಎಣಿಸಿ ಕೊಟ್ಟದ್ದು ನೂರು ಡಾಲರ್. ಅದರ ಮೇಲೆ ಒಂದು ಕಾಸೂ ಇಲ್ಲ ಎಂದಿದ್ದಳು.

ಗಾಳ, ಹುಳು, ಐಸು ಮಾರುವ ಅಂಗಡಿ ಮಿಸ್ ಇಡೆಲ್ಲಾ ಫೇರ್‌ಕ್ಲಾತ್ ಅವರದು. ವಯಸ್ಸು ಎಪ್ಪತ್ತೆಂಟು. ಅವರು ಹೆಬ್ಬೆರಳಿನಿಂದ ರೀಲು ಮುಟ್ಟಿದರೆ ಅದರ ಜಾತಕವೆಲ್ಲ ಹೊರಬೀಳುತ್ತಿತ್ತು. ವರ್ಲನ್ ನೇರವಾಗಿ ಹೋಗಿ ಗಾಜಿನ ಪೆಟ್ಟಿಗೆಯಲ್ಲಿ ಚಿನ್ನದ ಬಣ್ಣಕ್ಕೆ ಹೊಳೆಯುತ್ತಿದ್ದ ಒಂದರ ಮೇಲೆ ಬೆರಳಿಟ್ಟ.

"ಇದು ಕೊಡಿ ಮಿಸ್ ಇಡೆಲ್ಲಾ. ಎಪ್ಪತ್ತೇ ಡಾಲರ್. ಹದಿನೆಂಟು ಬೇರಿಂಗು ಅಂತ ಬರೆದಿದೆ! ಅವನದಕ್ಕೆ ಹತ್ತೇ."

"ಮೀನು ಬೇರಿಂಗು ಎಣಿಸುತ್ತಾ ಕಂದಾ?"

"ದೂರದಿಂದ ನೋಡಿದ್ರೆ ಥೇಟ್ ಅವನದರ ಹಾಗೇ ಕಾಣುತ್ತೆ."

"ಹಾಗಾದ್ರೆ ದೂರದಲ್ಲೇ ಹಿಡ್ಕೊಂಡು ನಿಂತ್ಕೋ." ಅವರು ಆ ರೀಲನ್ನು ಎರಡು ಬೆರಳ ನಡುವೆ ಹಿಂಡಿದರು. ಪ್ಲಾಸ್ಟಿಕ್ ಮೈ ಕಿರ್ ಎಂದು ಬಾಗಿತು. "ಮುದುಕಿ ಕೈಗೇ ಬಗ್ಗೋದು, ಎಂಟು ಪೌಂಡಿನ ಮೀನು ಮೂವತ್ತು ಪೌಂಡು ಕಳೆ ತಬ್ಕೊಂಡು ಬಂದಾಗ ಏನಾಗುತ್ತೆ? ಒಳಗಿನ ಹಲ್ಲುಚಕ್ರ ಓರೆಯಾಗುತ್ತೆ. ನಿನ್ನ ಹಳೇದು ಸತ್ತಿದ್ದೂ ಹಾಗೇ."

ಅವರು ಮೂಲೆಯಿಂದ ಒಂದು ಕಪ್ಪು ರೀಲು ತಂದಿಟ್ಟರು. ಹೊಳಪಿಲ್ಲ, ಚಿತ್ತಾರವಿಲ್ಲ. ತೊಂಬತ್ತು ಡಾಲರ್.

"ಮೈ ಲೋಹದ್ದು. ಹಿಡಿಕೆ ಉದ್ದ, ಅದರ ತುದಿಯ ಗುಂಡು ದಪ್ಪ, ಒದ್ದೆ ಕೈ ಜಾರಲ್ಲ. ಹಿಡಿಕೆ ಒಂದು ಸುತ್ತು ತಿರುಗಿದ್ರೆ ದಾರದ ಉರುಳೆ ಏಳು ಸುತ್ತು. ಮೀನು ಕಳೆ ಬೇರಿಗೆ ಸುತ್ಕೊಳ್ಳೋಕೆ ಮುಂಚೆ ತಲೆ ಈ ಕಡೆ ತಿರುಗಿರುತ್ತೆ. ಇನ್ನು ಬಿಗಿ, ಮೀನು ಎಳೆದಾಗ ಉರುಳೆ ತಡೆಯೋದು..." ಬಿಗಿಯ ತಿರುಪು ತಿರುಗಿಸಿ ಉರುಳೆಯ ಅಂಚನ್ನು ಅವನ ಕೈಗೆ ಕೊಟ್ಟರು. "ತಿರುಗಿಸು ನೋಡೋಣ."

ವರ್ಲನ್ ಮುಖ ಬೀಟ್‌ರೂಟ್ ಆಗುವವರೆಗೆ ಒತ್ತಿದ. ಉರುಳೆ ಅಲುಗಲಿಲ್ಲ.

"ಬಯಲು ನೀರಲ್ಲಿ ದೂರ ಎಸೆಯೋನಿಗೆ ಬೇರಿಂಗು. ಕಳೆಯಲ್ಲಿ ಇಪ್ಪತ್ತು ಅಡಿ ಎಸೆಯೋ ನಿನಗೆ ಬಿಗಿ, ಲೋಹ, ಹಲ್ಲು. ಇಷ್ಟೇ."

"ಕರ್ರಗಿದೆ," ಎಂದ ವರ್ಲನ್ ಸಣ್ಣಗೆ.

"ನಿನ್ನ ಹೊಟ್ಟೆಗಿಂತ ಬೆಳ್ಳಗಿದೆ. ತಗೊಂಡು ಹೋಗು."

ಅದನ್ನೇ ಕೊಂಡ. ಉಳಿದ ಹತ್ತು ಡಾಲರಿಗೆ ಬ್ರ್ಯಾಂಟ್ಲಿಯ ದಾರದಂಥದೇ ಗಿಳಿಹಸಿರು ಬಣ್ಣದ ಹೆಣೆದ ದಾರದ ಒಂದು ಮಿಕ್ಕಿದ ಸುತ್ತು ಸಿಕ್ಕಿತು. ಮನೆಯಲ್ಲಿ ಕೂತು ತಾನೇ ಉರುಳೆಗೆ ಸುತ್ತಿದ. ಹದಿನೇಳು ವರ್ಷದಲ್ಲಿ ಅವನು ಮಾಡದಿದ್ದ ಕೆಲಸ ಅದೊಂದೇ.

ಬುಧವಾರ ಸಂಜೆ ಒಬ್ಬನೇ ದೋಣಿ ಬಿಟ್ಟ. ಕಳೆಯ ಮೇಲೆ ಗಾಳದ ರಬ್ಬರ್ ಕಪ್ಪೆ ಎಸೆದು ಕುಣಿಸಿದ. ನೀರು ಸಿಡಿಲು ಬಡಿದಂತೆ ಬಾಯ್ಬಿಟ್ಟಿತು. ಆ ಮೀನಿನ ಬಾಯಲ್ಲಿ ಒಂದು ಕರು ಮಲಗಬಹುದಿತ್ತು. ವರ್ಲನ್ ಕೋಲು ಎಳೆದ, ಹಿಡಿಕೆ ತಿರುಗಿಸಿದ. ಉರುಳೆ ಗರಗರ ತಿರುಗಿತು, ದಾರ ಮಾತ್ರ ಒಂದಂಗುಲವೂ ಬರಲಿಲ್ಲ. ಬಿಗಿಯನ್ನು ಇನ್ನಷ್ಟು ಬಿಗಿದ. ಊಹೂಂ. ಮೀನು ಆರಾಮವಾಗಿ ಕಳೆಯೊಳಗೆ ಹೋಗಿ, ಕಪ್ಪೆಯನ್ನು ಉಗಿದು, ನಕ್ಕು ಮಲಗಿತು.

ಮರುದಿನ ಬೆಳಗ್ಗೆ ಅಂಗಡಿಯ ಮೇಜಿನ ಮೇಲೆ ರೀಲು ಧಡ್ಡೆಂದು ಬಿತ್ತು. ಹಾಲಿಸ್ ಅಲ್ಲಿಯೇ ಐಸು ತುಂಬಿಸಿಕೊಳ್ಳುತ್ತಿದ್ದ.

"ಬಿಗಿ ಜಾರುತ್ತೆ! ಬಡವನ ರೀಲು, ಬಡವನ ಹಣೆಬರಹ! ನಾನೂರೈವತ್ತರದ್ದು ಜಾರಲ್ಲ, ಅಲ್ವಾ ಹಾಲಿಸ್?"

ಮಿಸ್ ಇಡೆಲ್ಲಾ ರೀಲು ಎತ್ತಿಕೊಂಡರು. ಉರುಳೆಯನ್ನು ಗಟ್ಟಿಯಾಗಿ ಹಿಡಿದು ದಾರವನ್ನು ಹೆಬ್ಬೆರಳಲ್ಲಿ ತಳ್ಳಿದರು. ಹಸಿರು ದಾರದ ಇಡೀ ಸಿಂಬಿ ಸಡಿಲ ಬಳೆಯಂತೆ ಸುತ್ತಿತು.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ರೀಲು ಜಾರಿಲ್ಲ ಕಂದಾ, ದಾರ ಜಾರಿದೆ. ಹೆಣೆದ ದಾರ ನುಣುಪು ಲೋಹ ಹಿಡಿಯಲ್ಲ. ಅದರ ಕೆಳಗೆ ಮೊದಲು ಹತ್ತು ಸುತ್ತು ನೈಲಾನ್ ದಾರ ಹಾಕ್ಬೇಕು ಅಂತ ಹಸುಗೂಸಿಗೂ ಗೊತ್ತು. ಯಾರು ಸುತ್ತಿದ್ದು?"

"ನಾನು."

ಹಾಲಿಸ್ ಐಸು ಕೆಳಗಿಟ್ಟು ನಗತೊಡಗಿದ. "ಹದಿನೇಳು ವರ್ಷ ನಿನ್ನ ರೀಲಿಗೆ ದಾರ ಸುತ್ತಿದೋನು ನಾನು. ಅದರ ಕೆಳಗೆ ಏನು ಹಾಕ್ತೀನಿ ಅಂತ ಒಂದು ದಿನ ನೋಡಿದ್ಯೇನೋ?"

ವರ್ಲನ್ ತಲೆಯಲ್ಲಿ ಆಗ ಬೇರೆಯೇ ಕಿಡಿ ಹಾರಿತು. "ನಿಲ್ಲು. ಬ್ರ್ಯಾಂಟ್ಲಿ ರೀಲಿಗೆ ಯಾರು ಸುತ್ತಿದ್ದು?"

ಹಾಲಿಸ್ ಕಿಟಕಿಯಾಚೆ ನೋಡಿದ.

"ಅವನಿಗೂ ಸುತ್ತಿಕೊಟ್ಯಾ! ನಿನ್ನ ಕೈಯಾರೆ!" ಕುಲುಮೆಯೊಂದು ವರ್ಲನ್‌ನ ಎದೆಯಲ್ಲಿ ಹೊತ್ತಿಕೊಂಡಂತಾಯಿತು. ನಾನೂರೈವತ್ತು ಡಾಲರ್ ಇಷ್ಟು ಸುಟ್ಟಿರಲಿಲ್ಲ.

"ಸುತ್ತಿಕೊಟ್ಟೆ. ಕೇಳಿದ, ಸುತ್ತಿಕೊಟ್ಟೆ. ಶನಿವಾರ ಬರ್ತೀಯಾ ಅಂತ ಕೇಳಿದ, ಹೋದೆ. ನೀನು ಎರಡು ವಾರದಿಂದ ಅವನ ರೀಲಿನ ಬೆಲೆ ಊರೆಲ್ಲ ಕೇಳ್ತಾ ತಿರುಗ್ತಿದೀಯ. ನನ್ನನ್ನ ಒಂದು ಸಲ ಕೇಳಿದ್ಯಾ?"

"ಯಾವತ್ತು ಕೇಳಿದೀನಿ? ಮನೆ ಮುಂದೆ ಹಾರ್ನ್ ಹೊಡೀತೀನಿ, ನೀನು ಬರ್ತೀಯ."

"ಅದೇ ಮಾರಾಯ. ನಾಯಿಗಾದ್ರೂ ಹೆಸರು ಹಿಡಿದು ಕರೀತಾರೆ."

ವರ್ಲನ್ ರೀಲನ್ನು ಮೇಜಿನ ಮೇಲೆ ಹಾಲಿಸ್‌ನತ್ತ ಸರಿಸಿದ.

"ಶನಿವಾರ... ಬರ್ತೀಯೇನೋ?"

"ಈ ಶನಿವಾರ ಮೀನು ಹಿಡಿಯೋ ಪಂದ್ಯಕ್ಕೆ ಅವನಿಗೆ ಮಾತು ಕೊಟ್ಟಾಗಿದೆ." ಹಾಲಿಸ್ ಸ್ಟೂಲು ಎಳೆದುಕೊಂಡು, ಹಸಿರು ದಾರ ಬಿಚ್ಚಿ, ಹತ್ತು ಸುತ್ತು ನೈಲಾನ್ ಹಾಕಿ, ಮೇಲೆ ಮತ್ತೆ ಬಿಗಿಯಾಗಿ ಸುತ್ತತೊಡಗಿದ. ಮುಂದಿನ ಶನಿವಾರದ ಮಾತೆತ್ತಲಿಲ್ಲ. ವರ್ಲನ್‌ಗೆ ದಿನಕ್ಕೆ ಒಂದು ಸಲ ಕೇಳಿದ್ದೇ ಹೆಚ್ಚಾಗಿತ್ತು.

ಶನಿವಾರದ ಪಂದ್ಯಕ್ಕೆ ವರ್ಲನ್ ಒಬ್ಬನೇ ಹೋದ. ಕೆರೆ ಮೂವತ್ತೇಳು ಸಾವಿರ ಎಕರೆ. ಅಷ್ಟು ನೀರಿನಲ್ಲಿ ಬ್ರ್ಯಾಂಟ್ಲಿಯ ದೋಣಿಯಿಂದ ಮೂರು ಮಾರು ದೂರದಲ್ಲೇ ಅವನಿಗೆ ಜಾಗ ಒಪ್ಪಿಗೆಯಾದದ್ದು ಬರೀ ಆಕಸ್ಮಿಕ. ಅಲ್ಲಿ ಹಾಲಿಸ್ ಮೆತ್ತನೆ ಸೀಟಿನಲ್ಲಿ ಕೂತು ಸಿಪ್ಪೆಯನ್ನು ಚೀಲದೊಳಗೆ ಹಾಕುತ್ತಿದ್ದ. ಪ್ರತಿ ಸಿಪ್ಪೆಯೂ ವರ್ಲನ್‌ನ ಹೊಟ್ಟೆಯೊಳಗೆ ಬೀಳುತ್ತಿತ್ತು.

ಹತ್ತೂವರೆಗೆ ಕಪ್ಪೆಯ ಕೆಳಗೆ ಕಳೆ ಉಬ್ಬಿತು. ಬುಧವಾರದ ಮೀನಿನ ಅಜ್ಜಿಯೇ ಇರಬೇಕು. ವರ್ಲನ್ ಎಳೆದ. ಕಪ್ಪು ರೀಲು ಕಚ್ಚಿ ಹಿಡಿಯಿತು. ದೋಣಿಯೇ ಮೀನಿನತ್ತ ಹೊರಟಿತು. ಹಿಡಿಕೆ ಒಂದು ಸುತ್ತು, ಎರಡು, ಮೂರು, ದಾರ ಜಾರಲಿಲ್ಲ. ಅರ್ಧ ಕೆರೆಯ ಕಳೆ ಹೊದ್ದು ಮೀನು ದೋಣಿಯ ಪಕ್ಕಕ್ಕೆ ಬಂತು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಬಲೆ ಹಿಡಿಯಲು ಹೋಗಿ ವರ್ಲನ್ ಮೊಣಕಾಲೂರಿ ಬಿದ್ದ.

"ತಲೆ ಮೇಲೆತ್ತೋ, ಕತ್ತೆ! ತಲೆ ಮೇಲೆತ್ತು!" ಹಾಲಿಸ್ ಕೂಗಿದ.

"ಎತ್ತಕ್ಕಾಗ್ತಿಲ್ಲ! ಹಾಲಿಸ್! ಬಾರೋ! ಬರ್ತೀಯೇನೋ!"

ಪಂದ್ಯದಲ್ಲಿ ದೋಣಿ ಬಿಟ್ಟು ದೋಣಿಗೆ ಹಾರಿದರೆ ಎರಡು ದೋಣಿಯೂ ಆಟದಿಂದ ಹೊರಗೆ. ಇದು ಹಾಲಿಸ್‌ಗೆ ಬೈಬಲ್ಲಿಗಿಂತ ಚೆನ್ನಾಗಿ ಗೊತ್ತಿತ್ತು. ಮೂರು ಮಾರು ಕಳೆಯ ಮೇಲೆ ಅವನು ಓಡಿದನೋ ಈಜಿದನೋ ನೋಡಿದವರಲ್ಲಿ ಇಂದಿಗೂ ಒಮ್ಮತವಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ನೀರು ಸೋರಿಸುತ್ತ ವರ್ಲನ್‌ನ ದೋಣಿಯಲ್ಲಿದ್ದ, ಮೀನು ಬಲೆಯಲ್ಲಿತ್ತು.

"ಹಾಲಿಸ್! ನನ್ನ ಪಂದ್ಯ ಹೋಯ್ತಲ್ರೀ!" ಎಂದು ಬ್ರ್ಯಾಂಟ್ಲಿ ಚೀರಿದ. ಒಮ್ಮೆ ಹಾಲಿಸ್‌ನನ್ನು ನೋಡಿದ, ಒಮ್ಮೆ ಪಕ್ಕದ ಖಾಲಿ ಸೀಟನ್ನು. ಅವನ ಕೆನ್ನೆ ನಿಧಾನವಾಗಿ ಕೆಂಪೇರಿ, ಕಿವಿಯ ತುದಿಗೆ ಮುಟ್ಟಿತು. ವರ್ಲನ್ ಆ ಬಣ್ಣವನ್ನು ಗುರುತಿಸಿದ. ಎರಡು ವಾರ ದಿನಾ ಬೆಳಗ್ಗೆ ಗಡ್ಡ ಹೆರೆಯುವಾಗ ಕನ್ನಡಿಯಲ್ಲಿ ಕಂಡದ್ದೇ ಅದು.

"ಬ್ರ್ಯಾಂಟ್ಲಿಯವ್ರೇ," ಎಂದ ವರ್ಲನ್, ಜೇನು ಸುರಿಯುವ ದನಿಯಲ್ಲಿ, "ನಿಮ್ಮ ರೀಲು ಬಹಳ ಚೆನ್ನಾಗಿದೆ ಕಣ್ರೀ." ಮತ್ತು ಮೋಟಾರು ಶುರುಮಾಡಿದ.